ಪದಚರ್ಚೆ: ಸೈಡ್ ಪಾಕೆಟ್‌ನ ‘ಪಾಯಿಂಟ್’ಗೆ ಕಟವಾಯಿ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಪೂಲ್ ಮೇಜಿಗೆ ಆರು ಪಾಕೆಟ್. ನಾಲ್ಕು ಮೂಲೆಯಲ್ಲಿ, ಇನ್ನೆರಡು ಉದ್ದದ ಬದಿಗಳ ನಟ್ಟನಡುವೆ, ಇವೇ ಸೈಡ್ ಪಾಕೆಟ್. ಮೇಜಿನ ಬದಿಗಳುದ್ದಕ್ಕೂ ಇರುವ ರಬ್ಬರಿನ ಕುಶನ್ ಪಾಕೆಟ್ ಇರುವ ಕಡೆ ನಿಂತುಹೋಗುತ್ತದೆ. ಹಾಗೆ ನಿಂತ ಜಾಗದಲ್ಲಿ, ಬಟ್ಟೆಯ ಕೆಳಗೆ, ಕುಶನ್ನಿನ ಕೊನೆ ಸ್ವಲ್ಪ ಚೂಪಾಗಿ ಉಳಿದಿರುತ್ತದೆ. ಪಾಕೆಟ್‌ಗೆ ಎರಡರಂತೆ ಇಡೀ ಮೇಜಿಗೆ 12. ಆಡುವವರು ಇದಕ್ಕೆ ಪಾಯಿಂಟ್ ಅನ್ನುತ್ತಾರೆ. ಸ್ನೂಕರ್ ಕಲಿತು ಬಂದವರು ಜಾ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ ಹುಟ್ಟಿದ್ದು ಜಯನಗರದಲ್ಲಿ. ಭಾನುವಾರ ಬೆಳಗ್ಗೆ ಅಕ್ಕನ ಮಗನನ್ನು ಪೂಲ್ ಆಡಿಸಲು ಕರೆದುಕೊಂಡು ಹೋಗುತ್ತೇನೆ. ಒಂಬತ್ತನೇ ಕ್ಲಾಸ್ ಹುಡುಗ. ಮೊನ್ನೆ ಎಯ್ಟ್ ಬಾಲ್ ಆಟದಲ್ಲಿ ಸಿಕ್ಕಿಹಾಕಿಕೊಂಡ. ಕೋಲಿನಿಂದ ಹೊಡೆಯುವ ಬಿಳಿ ಬಾಲ್ ಈಚೆ ಬದಿಯಲ್ಲಿತ್ತು, ಆಚೆಯ ಸೈಡ್ ಪಾಕೆಟ್‌ಗೆ ನೇರ ಎದುರು. ಅವನು ಮುಟ್ಟಬೇಕಾದ ಬಾಲ್ ಆಚೆ ಬದಿಯಲ್ಲಿ, ಆ ಪಾಕೆಟ್‌ನಿಂದ ಎಡಕ್ಕೆ ಒಂದು ಮೊಳ ದೂರ, ಕುಶನ್ನಿನಿಂದ ಒಂದು ಗೇಣು ಹೊರಗೆ. ನಡುವೆ ಎದುರಾಳಿಯ ಎರಡು ಬಾಲ್ ಅಡ್ಡ. ನೇರ ದಾರಿ ಇಲ್ಲ. ಕುಶನ್ ಹೊಡೆದು ವಾಪಸ್ ಬರೋಣ ಅಂದರೆ ಆ ದಾರಿಯನ್ನೂ ಅವೇ ಮುಚ್ಚಿದ್ದವು. ತನ್ನ ಬಾಲನ್ನು ಮೊದಲು ಮುಟ್ಟದಿದ್ದರೆ ಫೌಲ್. ಆಮೇಲೆ ಎದುರಾಳಿ ಬಿಳಿ ಬಾಲನ್ನು ಕೈಯಲ್ಲಿ ಎತ್ತಿ ಬೇಕಾದಲ್ಲಿ ಇಟ್ಟುಕೊಳ್ಳಬಹುದು.

ಪಕ್ಕದ ಮೇಜಿನಲ್ಲಿ ಆಡುತ್ತಿದ್ದ ಹಿರಿಯರೊಬ್ಬರು ನೋಡುತ್ತಿದ್ದರು. ಹತ್ತಿರ ಬಂದು ಸೈಡ್ ಪಾಕೆಟ್‌ನ ಬಲಗಡೆಯ ಪಾಯಿಂಟ್ ಮೇಲೆ ಬೆರಳಿಟ್ಟರು. “ಈ ಮೂತಿಗೆ ತಾಗ್ಸು ಮಗ, ತಾನೇ ಎಡಕ್ಕೆ ಹೊರಳುತ್ತೆ” ಅಂದರು.

ಹುಡುಗ ಹೊಡೆದ. ಬಿಳಿ ಬಾಲ್ ನೇರವಾಗಿ ಆಚೆಗೆ ಹೋಯಿತು. ಪಾಕೆಟ್‌ಗೆ ಬಿದ್ದೇಬಿಟ್ಟಿತು ಅಂದುಕೊಂಡೆ. ಅದರ ಬಲಮಗ್ಗುಲು ಪಾಯಿಂಟ್‌ಗೆ ತಾಗಿತು ಅಷ್ಟೆ, ಪಾಕೆಟ್ ಬಾಯಿಯನ್ನು ದಾಟಿಕೊಂಡು ಎಡಕ್ಕೆ ಹೊರಟಿತು. ಕುಶನ್ನಿನಿಂದ ಸ್ವಲ್ಪ ಓರೆಯಾಗಿ ಹೋಗಿ ಅವನ ಬಾಲನ್ನು ಮುಟ್ಟಿತು. ಬರಿಯ ಕುಶನ್‌ಗೆ ನೇರ ಹೊಡೆದರೆ ಬಾಲ್ ಬಂದ ದಾರಿಯಲ್ಲೇ ವಾಪಸ್ ಬರುತ್ತದೆ, ಅಲ್ವಾ? ಇಲ್ಲಿ ಬಲಗಡೆ ತಾಗಿದ್ದು ಎಡಕ್ಕೆ ಬಂತು. ಬಾಲ್ ತಾಗುವುದು ಕುಶನ್ನಿನ ಚಪ್ಪಟೆ ಮುಖಕ್ಕಲ್ಲ, ಅದರ ತಿರುವಿಗೆ. ಹಾಗಾಗಿ ದಿಕ್ಕೇ ಬೇರೆಯಾಗುತ್ತದೆ. ಗುರಿ ಕೆಲವೇ ಮಿಲಿಮೀಟರ್ ಆಚೀಚೆಯಾದರೂ ಸಾಕು, ಬಾಲ್ ಬೇರೆಲ್ಲಿಗೋ ಹೋಗುತ್ತದೆ. ಸ್ವಲ್ಪ ಒಳಗೆ ಸರಿದರೆ ಪಾಕೆಟ್‌ಗೇ ಬೀಳುತ್ತದೆ. ಪಾಕೆಟ್‌ನ ಬಾಯಿ ಸುಮಾರು 5 ಇಂಚು, ಬಾಲ್ 2.25 ಇಂಚು. ಆ ಹುಡುಗನ ಮುಖದಲ್ಲಿ ಅವತ್ತು ಕಂಡ ಖುಷಿ ನನಗಿನ್ನೂ ಕಣ್ಣಿಗೆ ಕಟ್ಟಿದೆ.

ಇಂಥ ಹೊಡೆತಗಳನ್ನು ಅವನಿಗಾಗಿ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯಲು ಕೂತೆ. ಮೊದಲ ಸಾಲಿನಲ್ಲೇ ಪೆನ್ನು ನಿಂತಿತು.

ಪಾಯಿಂಟ್ ಅಂತಲೇ ಬರೆಯಬಹುದು. ಆದರೆ ಕನ್ನಡದಲ್ಲಿ ಆ ಪದ ಕೇಳಿದ ತಕ್ಷಣ ಅಂಕ ಅನ್ನೋ ಅರ್ಥ ಬರುತ್ತದೆ. “ಸೈಡ್ ಪಾಕೆಟ್ ಪಾಯಿಂಟ್” ಅಂದರೆ ಅಲ್ಲಿ ಹಾಕಿದರೆ ಅಂಕ ಜಾಸ್ತಿಯಾ ಅಂತ ನನ್ನ ಅಕ್ಕನೇ ಕೇಳಿದಳು. ತುದಿ ಅನ್ನೋಣವೇ? ಕ್ಯೂ ಕೋಲಿನ ತುದಿಗೆ ಆಗಲೇ ಅದು ಬಳಕೆಯಲ್ಲಿದೆ. “ತುದಿಯನ್ನು ತುದಿಗೆ ಗುರಿಯಿಡು” ಅಂದರೆ ಯಾರಿಗೂ ಅರ್ಥವಾಗದು. ಮೂಲೆ ಅಂದರೆ ಮೂಲೆಯ ಪಾಕೆಟ್ ಅಂದುಕೊಳ್ಳುತ್ತಾರೆ. ಅಂಚು ಅಂದರೆ ಇಡೀ ಬದಿ.

ಮೊನೆ ಅನ್ನುವ ಪದ ನನಗೆ ಹಿಡಿಸಿತ್ತು. ಪೆನ್ಸಿಲ್ ಮೊನೆ, ಸೂಜಿ ಮೊನೆ. ಆದರೆ ಕೋನ ನೋಡಿ. ಮೇಜಿನ ಅಳತೆಯ ನಿಯಮದಲ್ಲಿ ಸೈಡ್ ಪಾಕೆಟ್‌ನ ಪಾಯಿಂಟಿನ ಕೋನ 104 ಡಿಗ್ರಿ, ಮೂಲೆ ಪಾಕೆಟ್‌ನದು 142. ಸೈಡ್ ಪಾಕೆಟ್‌ನದು ಮೂಲೆಯದಕ್ಕಿಂತ ಚೂಪು ನಿಜ. ಬಾಲನ್ನು ಹೀಗೆ ಹೊರಳಿಸಲು ಅದು ಒದಗುವುದೂ ಅದಕ್ಕೇ. ಆದರೂ 104 ಅಂದರೆ ಗೋಡೆಯ ಮೂಲೆಗಿಂತ ಅಗಲ. ಸೂಜಿಗೆ ಹೇಳುವ ಪದ ಅದಕ್ಕೆ ಹೊಂದುವುದಿಲ್ಲ. ಸ್ನೂಕರ್ ಮೇಜಿನಲ್ಲಂತೂ ಆ ಜಾಗ ದುಂಡಗೆ ಬಾಗಿರುತ್ತದೆ, ಅಲ್ಲಿ ಮೊನೆಯೇ ಇಲ್ಲ. ಜಾ ಅನ್ನುವುದನ್ನು ದವಡೆ ಅಂತ ಅನುವಾದ ಮಾಡಿದರೆ ಅಗಿಯುವುದು ನೆನಪಾಗುತ್ತದೆ.

ಹಿರಿಯರು ಹೇಳಿದ ಮೂತಿಯಿಂದಲೇ ನನಗೆ ದಾರಿ ಸಿಕ್ಕಿತು. ಕ್ಯಾರಂ ಆಡುವಾಗ “ಕಾಯಿ ಪಾಕೆಟ್ ಬಾಯಲ್ಲೇ ಕೂತಿದೆ” ಅನ್ನುತ್ತೇವೆ. ಪಾಕೆಟ್‌ಗೆ ಬಾಯಿ ಇದೆ ಅಂತ ನಾವು ಆಗಲೇ ಒಪ್ಪಿಕೊಂಡಿದ್ದೇವೆ. ಹಾಗಾದರೆ ಬಾಯಿಯ ಎರಡು ಕೊನೆಗೆ ಕನ್ನಡದಲ್ಲಿ ಪದ ಇದೆಯಲ್ಲ, ಕಟವಾಯಿ! ತಮಿಳಿನಲ್ಲೂ ಕಡೈವಾಯ್ ಇದೆ. ಅಲ್ಲಿ ಕಡೆ ಮತ್ತು ಬಾಯಿ ಎರಡೂ ಕಿವಿಗೆ ಬೀಳುತ್ತವೆ.

ಹುಡುಗನಿಗೆ ಹೇಳಿದೆ. ಅವನಿಗೆ ಆ ಪದವೇ ಗೊತ್ತಿರಲಿಲ್ಲ. ಬೆಂಗಳೂರಿನಲ್ಲೇ ಬೆಳೆದ ಮಗು. ಅಲ್ಲೇ ಕಾಫಿ ಸೋಸುತ್ತಿದ್ದ ನಮ್ಮಮ್ಮ ತಿರುಗಿ ನೋಡಿದರು. “ನಿನ್ನ ಕಟವಾಯಲ್ಲಿ ಇನ್ನೂ ಹಾಲು ಮೆತ್ತಿದೆ, ಒರೆಸ್ಕೊ” ಅಂದರು. ಅವನು ಬೆರಳಿಂದ ತುಟಿಯ ಕೊನೆ ಮುಟ್ಟಿ ನೋಡಿಕೊಂಡ. “ಓ, ಇದಾ ಮಾಮ! ಪಾಕೆಟ್‌ಗೂ ಹೀಗೇ ಇದೆ” ಅಂದ. ಅಲ್ಲಿಂದೀಚೆಗೆ ಅವನು ಬೇರೆ ಪದ ಬಳಸಿಲ್ಲ. ನನಗೂ ಇದೇ ಸರಿ ಅನ್ನಿಸಿದೆ. ಪೂಲ್‌ನ ಚೂಪಿಗೂ ಸ್ನೂಕರ್‌ನ ದುಂಡಿಗೂ ಹೊಂದುತ್ತದೆ.

ಕ್ರಿಯಾಪದದ ವಿಷಯದಲ್ಲಿ ನನಗೆ ಅನುಮಾನ ಕಡಿಮೆ. ಪುಟಿಯುವುದು ಅಂದರೆ ನೆಲಕ್ಕೆ ಬಡಿದ ಚೆಂಡು ಮೇಲೇಳುವುದು. ಸಿಡಿಯುವುದು ಅಂದರೆ ಹಿಡಿತ ತಪ್ಪಿದ್ದು. ಇಲ್ಲಿ ಬಾಲ್ ನೆಲ ಬಿಡುವುದಿಲ್ಲ, ಹಿಡಿತವೂ ತಪ್ಪಿಲ್ಲ. ಆ ಹಿರಿಯರು ಸಲೀಸಾಗಿ ಅಂದ ಹೊರಳು ಎಷ್ಟು ಚೆನ್ನಾಗಿದೆ! ಮಾಡುವವನಿಗೆ ಹೊರಳಿಸು, ಬಾಲ್‌ಗೆ ಹೊರಳು.

ನನಗೆ ಬಗೆಹರಿಯದೆ ಉಳಿದಿರುವುದು ಎಡ ಬಲ. “ಬಲ ಕಟವಾಯಿಗೆ ತಾಗಿಸು” ಅಂತ ಬರೆದೆ. ಹುಡುಗ ಕೇಳಿದ: “ಯಾರ ಬಲ ಮಾಮ?” ನ್ಯಾಯವಾದ ಪ್ರಶ್ನೆ. ಎದುರು ನಿಂತವರ ಮುಖ ನೋಡಿದಾಗ ಅವರ ಬಲ ಕಟವಾಯಿ ನಮ್ಮ ಎಡಕ್ಕೆ ಇರುತ್ತದೆ. ಪಾಕೆಟ್‌ಗೆ ಬಾಯಿ ಕೊಟ್ಟ ಮೇಲೆ ಅದರ ಎಡ ಬಲವೂ ಅದರದ್ದೇ ಆಗುತ್ತದಾ? ಬಾಲ್ ಓರೆಯಾಗಿ ಹೋಗುವಾಗ ಈಚೆ ಕಟವಾಯಿ, ಆಚೆ ಕಟವಾಯಿ ಅಂದರೆ ಸಾಕು. ಹತ್ತಿರದ್ದು ಈಚೆ, ದೂರದ್ದು ಆಚೆ. ಆದರೆ ನಾನು ಮೇಲೆ ಹೇಳಿದ ಹೊಡೆತದಲ್ಲಿ ಎರಡೂ ಒಂದೇ ದೂರ.

ಹಳ್ಳಿಗಳಲ್ಲಿ ಗಾಡಿಗೆ ಕಟ್ಟಿದ ಎರಡು ಎತ್ತುಗಳಿಗೆ ಎಡಗೋಲು, ಬಲಗೋಲು ಅನ್ನುವುದುಂಟು. ಅಲ್ಲಿ ಎಡ ಬಲ ಗಾಡಿ ಹೊಡೆಯುವವನದ್ದು. ಹಾಗೇ ಇಲ್ಲೂ ಹೊಡೆಯುವವನ ಎಡ ಬಲ ಅಂತ ಇಟ್ಟುಕೊಳ್ಳಬಹುದೇ? ಚೀಲದ ಬಾಯಿಗೋ ಪಾತ್ರೆಯ ಬಾಯಿಗೋ ಕಟವಾಯಿ ಅನ್ನುವುದನ್ನು ನಿಮ್ಮ ಕಡೆ ಕೇಳಿದವರಿದ್ದರೆ, ಅಲ್ಲಿ ಎಡ ಬಲ ಹೇಗೆ ಹೇಳುತ್ತಾರೆ ಅಂತ ದಯವಿಟ್ಟು ಬರೆಯಿರಿ. ಮುಂದಿನ ಭಾನುವಾರದೊಳಗೆ ಸಿಕ್ಕರೆ ನೋಟ್‌ಬುಕ್ಕಿನಲ್ಲಿ ತಿದ್ದಿಕೊಂಡೇ ಆಟಕ್ಕೆ ಹೋಗುತ್ತೇವೆ.