ಹಳೇ ಕಾಲದ ಸ್ಲಾಲಮ್ ದಾಖಲೆ ದೊಡ್ಡದಾ, ಈಗಿನದ್ದಾ? ವಾಟರ್ ಸ್ಕೀಯಿಂಗ್ ಗೊತ್ತಿರೋರು ದಯವಿಟ್ಟು ಹೇಳಿ

ಪೆಪಿನ್‌ದಂಡೆ:

ಎಲ್ರಿಗೂ ನಮಸ್ಕಾರ. ನಮ್ಮೂರು ಶಿವಮೊಗ್ಗ ಕಡೆ, ಮಿನ್ನೆಸೋಟಾಗೆ ಬಂದು ಒಂಬತ್ತು ವರ್ಷ ಆಯ್ತು. ಇಲ್ಲಿ ಬೇಸಿಗೆ ಬಂತು ಅಂದ್ರೆ ಎಲ್ಲ ಕೆರೆ ಮೇಲೇ ಇರ್ತಾರೆ, ನಮ್ಮ ಮಗನೂ ಮೂರು ವರ್ಷದಿಂದ ವಾಟರ್ ಸ್ಕೀಯಿಂಗ್ ಹಿಡ್ಕೊಂಡಿದಾನೆ, ಈಗ ಹದಿಮೂರು ವಯಸ್ಸು, ಒಂದೇ ಸ್ಕೀ ಮೇಲೆ ಸ್ಲಾಲಮ್ ಮಾಡ್ತಾನೆ, ಅಂದ್ರೆ ಬೋಟ್ ಎಳೀತಿರುವಾಗ ನೀರ ಮೇಲೆ ತೇಲೋ ಚೆಂಡುಗಳನ್ನ ಸುತ್ತಿ ಹೋಗೋದು. ಕಲಿಸಿದ್ದು ಪಕ್ಕದ ಮನೆ ಅಜ್ಜ, ಎಪ್ಪತ್ತು ದಾಟಿದೆ, ಅವ್ರ ಕಾಲದಲ್ಲಿ ಸ್ಪರ್ಧೆಗೆಲ್ಲ ಹೋಗ್ತಿದ್ದೋರು.

ಹೋದ ವಾರ ಅವ್ರನ್ನೂ ಕರ್ಕೊಂಡು ಲೇಕ್ ಸಿಟಿಗೆ ಹೋಗಿದ್ವಿ. ಮಿಸಿಸಿಪಿ ಹೊಳೆನೇ ಅಗಲ ಆಗಿ ಪೆಪಿನ್ ಕೆರೆ ಆಗಿರೋ ಜಾಗ ಅದು, ವಾಟರ್ ಸ್ಕೀಯಿಂಗ್ ಹುಟ್ಟಿದ್ದೇ ಅಲ್ಲಿ. 1922ರಲ್ಲಿ ರಾಲ್ಫ್ ಸ್ಯಾಮ್ಯುಯಲ್ಸನ್ ಅನ್ನೋ ಹದಿನೆಂಟರ ಹುಡುಗ ಪೀಪಾಯಿ ಪಟ್ಟಿ ಕಟ್ಕೊಂಡು ನೋಡ್ದ, ಹಿಮದ ಸ್ಕೀ ಕಟ್ಕೊಂಡು ನೋಡ್ದ, ಎರಡರಲ್ಲೂ ಮುಳುಗಿದ, ಆಮೇಲೆ ಪೈನ್ ಮರದ ಹಲಗೆ ತಂದು ತುದಿನ ಕುದಿಯೋ ನೀರಲ್ಲಿ ಬೇಯಿಸಿ ಮೇಲಕ್ಕೆ ಬಗ್ಗಿಸಿ ಚರ್ಮದ ಪಟ್ಟಿ ಹೊಡೆದು ನಿಂತ್ಕೊಂಡ. ಬೋಟ್ ಓಡಿಸಿದ್ದು ಅವನ ಸಹೋದರ ಬೆನ್. ದಂಡೆ ಮೇಲೆ ನಿಂತು ಅಜ್ಜ ಇದನ್ನೆಲ್ಲ ಹೇಳ್ತಿದ್ರೆ ನಮ್ಮ ಹುಡುಗ ಬಾಯಿ ಬಿಟ್ಕೊಂಡು ಕೇಳ್ತಿದ್ದ.

ವಾಪಸ್ ಬರೋವಾಗ ಕಾರಲ್ಲಿ ಶುರುವಾಯ್ತು ನೋಡಿ. ಮಗ ನೇಟ್ ಸ್ಮಿತ್ ಅನ್ನೋ ಸ್ಲಾಲಮ್ ಸ್ಕೀಯರ್‌ನ ಭಕ್ತ, 2013ರಲ್ಲಿ ಅವನು ಮಾಡಿದ್ದೇ ದಾಖಲೆ ಅಂತಾನೆ. ಅಜ್ಜ ಹೇಳೋದು ಈಗಿನೋರ ಬೋಟನ್ನ ಕಂಪ್ಯೂಟರ್ ಓಡಿಸುತ್ತೆ, ಹಳೇ ಚಾಂಪಿಯನ್ ಆಂಡಿ ಮ್ಯಾಪಲ್ ಕಾಲದಲ್ಲಿ ಮನುಷ್ಯನ ಕೈ ಓಡಿಸ್ತಿತ್ತು, ಅದೂ ಇದೂ ಒಂದೇ ಪಟ್ಟಿಯಲ್ಲಿ ಬರೀಬಾರದು ಅಂತ. ಮಾತಿಗೆ ಮಾತು ಬೆಳೆದು ಇಬ್ರೂ ಮುಖ ತಿರುಗಿಸ್ಕೊಂಡ್ರು, ಒಂದು ವಾರದಿಂದ ಹುಡುಗ ಅವ್ರ ಬೋಟ್ ಹತ್ರ ಹೋಗಿಲ್ಲ, ನಂಗೆ ಸಂಕಟ ಆಗ್ತಿದೆ. ನಂಗೆ ಈ ಆಟದ ಒಳಗುಟ್ಟು ಗೊತ್ತಿಲ್ಲ. ಯಾರು ಹೇಳ್ತಿರೋದು ಸರಿ?

ಹಾಸನದ ಹುಡುಗಿ, ಫ್ಲೋರಿಡಾ:

ನಾನು ಹತ್ತಾರು ವರ್ಷದಿಂದ ಇಲ್ಲಿ ಟೂರ್ನಮೆಂಟ್‌ಗಳಲ್ಲಿ ಜಡ್ಜ್ ಕೆಲಸಕ್ಕೆ ಹೋಗ್ತೀನಿ, ಬೋಟ್ ಒಳಗೇ ಕೂತು ನೋಡಿದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ ತಾಳ್ಮೆಯಿಂದ ಓದಿ.

ಮೊದಲು ಲೆಕ್ಕ ತಿಳ್ಕೊಳಿ. ಸ್ಲಾಲಮ್ ಕೋರ್ಸ್ 259 ಮೀಟರ್ ಉದ್ದ, ಆರು ಚೆಂಡು ತೇಲ್ತಿರುತ್ತೆ, ಒಂದು ಬಲಕ್ಕೆ ಒಂದು ಎಡಕ್ಕೆ, ಪ್ರತಿಯೊಂದೂ ನಡುಗೆರೆಯಿಂದ 11.5 ಮೀಟರ್ ದೂರ. ಬೋಟ್ ನಡುವೆ ನೇರ ಹೋಗುತ್ತೆ, ಗಂಡಸರಿಗೆ ಗಂಟೆಗೆ 58 ಕಿ.ಮೀ., ಹೆಂಗಸರಿಗೆ 55. 58ರಲ್ಲಿ ಆ ಕಡೆಯಿಂದ ಈ ಕಡೆಗೆ ಹದಿನಾರು ಸೆಕೆಂಡು ಅಷ್ಟೇ. ಆರೂ ಚೆಂಡು ಸುತ್ತಿದ್ರೆ ಹಗ್ಗ ಕಮ್ಮಿ ಮಾಡ್ತಾರೆ. 18.25 ಮೀಟರ್, 16, 14.25, 13, 12, 11.25, 10.75, 10.25, 9.75. ಇಲ್ಲಿಯವರು ಅಡಿ ಲೆಕ್ಕದಲ್ಲಿ ಮಾತಾಡ್ತಾರೆ, 75 ಅಡಿ ಹಗ್ಗದಿಂದ 43 ಅಡಿ ತೆಗೆದ್ರೆ ಉಳಿಯೋದೇ 9.75 ಮೀಟರ್, ಅದಕ್ಕೆ ಅದನ್ನ 43 ಆಫ್ ಅಂತೀವಿ. ನೇಟ್ ಸ್ಮಿತ್ 2013ರಲ್ಲಿ ಮಾಡಿದ್ದು ಆ ಹಗ್ಗದಲ್ಲಿ ಎರಡೂವರೆ ಚೆಂಡು, ಲೂಯಿಸಿಯಾನಾದ ಕವಿಂಗ್‌ಟನ್‌ನಲ್ಲಿ. ಈಗ ಯೋಚನೆ ಮಾಡಿ, ಹಗ್ಗ 9.75, ಚೆಂಡು 11.5ರಲ್ಲಿದೆ. ಹಗ್ಗ ಚೆಂಡಿನ ತನಕ ಮುಟ್ಟೋದೇ ಇಲ್ಲ! ಉಳಿದಿದ್ದನ್ನ ಮೈ ಚಾಚಿ, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು, ಸೊಂಟ ನೀರಿಗೆ ತಾಗೋ ಹಾಗೆ ವಾಲಿ ತುಂಬಬೇಕು.

ಈಗ ಅಜ್ಜನ ಮಾತಿಗೆ ಬರ್ತೀನಿ. ಸ್ಕೀಯರ್ ಒಂದು ಚೆಂಡಿಂದ ಇನ್ನೊಂದಕ್ಕೆ ಎಳ್ಕೊಂಡು ಹೋಗುವಾಗ ಇಡೀ ಬೋಟು ಹಿಂದಕ್ಕೆ ಜಗ್ಗುತ್ತೆ, ವೇಗ ಇಳಿಯುತ್ತೆ. ಮೊದಲು ಅದನ್ನ ಸರಿ ಮಾಡ್ತಿದ್ದು ಡ್ರೈವರ್ ಕೈ. ನಾನು ಹೊಸದಾಗಿ ಬಂದಾಗ ಒಬ್ಬ ಹಳೇ ಡ್ರೈವರ್ ಜೊತೆ ಕೂರ್ತಿದ್ದೆ, ಬರೀ ಪ್ರಾಕ್ಟೀಸ್ ದಿನ, ಅವರು ಕಂಪ್ಯೂಟರ್ ಆಫ್ ಮಾಡಿ ತೋರಿಸಿದ್ರು. ಬಲಗೈ ಥ್ರಾಟಲ್ ಮೇಲೆ, ಕಣ್ಣು ಮುಂದೆ, ಹಿಂದೆ ತಿರುಗಿ ನೋಡೋ ಹಾಗೇ ಇಲ್ಲ. ಆದ್ರೂ ಸ್ಕೀಯರ್ ಎಳೆಯೋ ಕ್ಷಣಕ್ಕೆ ಸರಿಯಾಗಿ ಬೆರಳು ಒಂದು ಕೂದಲಷ್ಟು ಮುಂದೆ, ಬಿಟ್ಟ ತಕ್ಷಣ ಒಂದು ಕೂದಲಷ್ಟು ಹಿಂದೆ. ಹೆಂಗೆ ಗೊತ್ತಾಗುತ್ತೆ ಅಂತ ಕೇಳಿದ್ರೆ ಸೀಟಿಂದ ಗೊತ್ತಾಗುತ್ತೆ ಅಂದ್ರು. ಕೊನೆಗೆ ಸ್ಟಾಪ್‌ವಾಚ್ ನೋಡಿದ್ರೆ ಟೈಮ್ ಸರಿಯಾಗಿ ಕೂತಿರೋದು. ನಾನು ಎಷ್ಟೋ ಡ್ರೈವರ್‌ಗಳನ್ನ ನೋಡಿದೀನಿ, ಆ ಕೈ ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

90ರ ದಶಕದ ಮಧ್ಯದಲ್ಲಿ ಬೋಟಿನ ವೇಗನ ತಾನೇ ಹಿಡಿದಿಡೋ ಪರ್ಫೆಕ್ಟ್ ಪಾಸ್ ಅನ್ನೋ ಕಂಪ್ಯೂಟರ್ ಬಂತು, ಆಮೇಲೆ 2000ದ ದಶಕದ ಕೊನೆ ಹೊತ್ತಿಗೆ ಜಿಪಿಎಸ್ ನೋಡ್ಕೊಂಡು ಇಂಜಿನ್ ನಡೆಸೋ ಝೀರೋ ಆಫ್. ಆದ್ರೆ ಅಜ್ಜ ಒಂದು ವಿಷಯ ಬಿಟ್ಟಿದಾರೆ. ಕಂಪ್ಯೂಟರ್ ಬಂದ್ಮೇಲೆ ಸುಲಭ ಆಯ್ತು ಅಂತ ಎಲ್ರೂ ಒಪ್ಪಲ್ಲ. ಒಳ್ಳೆ ಡ್ರೈವರ್ ಕೈಗೆ ಕರುಣೆ ಇರ್ತಿತ್ತು, ಸ್ಕೀಯರ್ ಚೆಂಡಿಗೆ ತಡ ಆದ್ರೆ ಬೋಟು ಸ್ವಲ್ಪ ಸೋಲ್ತಿತ್ತು. ಝೀರೋ ಆಫ್ ಸೋಲಲ್ಲ. ನೀವು ತಪ್ಪು ಜಾಗದಲ್ಲಿ ಜೋರಾಗಿ ಎಳೆದ್ರೆ ಅದೂ ಅಷ್ಟೇ ಜೋರಾಗಿ ಎಳೆದು ಮುಂದಿನ ಚೆಂಡಿಗೆ ನಿಮ್ಮನ್ನ ಎಸೆಯುತ್ತೆ. ಅದಕ್ಕೇ ಎ ಬಿ ಸಿ ಮತ್ತೆ 1 2 3 ಅಂತ ಸೆಟ್ಟಿಂಗ್ ಇರೋದು, ಇಂಜಿನ್ ಎಷ್ಟು ಬೇಗ ಎಷ್ಟು ಗಟ್ಟಿಯಾಗಿ ಉತ್ತರ ಕೊಡಬೇಕು ಅಂತ ಪ್ರತಿಯೊಬ್ರೂ ಆರಿಸ್ಕೋತಾರೆ. ಡಾಕ್‌ನಲ್ಲಿ ಕೂತು ಬಿ2 ಒಳ್ಳೇದಾ ಸಿ1 ಒಳ್ಳೇದಾ ಅಂತ ಗಂಟೆಗಟ್ಟಲೆ ಮಾತಾಡ್ತಾರೆ ಅವರು.

ಇನ್ನೊಂದು, ಸ್ಟೀರಿಂಗ್ ಇವತ್ತಿಗೂ ಮನುಷ್ಯನ ಕೈಲೇ ಇದೆ. ಡ್ರೈವರ್ ಪ್ರತಿ ಚೆಂಡಿಗೂ ಆ ಕಡೆಗೆ ಒಂದು ಗೇಣು ವಾಲಿಸಿದ್ರೆ ಸ್ಕೀಯರ್‌ಗೆ ಒಂದು ಗೇಣು ಪುಕ್ಕಟೆ ಸಿಕ್ಕ ಹಾಗೆ, 43 ಆಫ್‌ನಲ್ಲಿ ಒಂದು ಗೇಣು ಅಂದ್ರೆ ಪ್ರಾಣ. ಈಗಿನ ವರ್ಷಗಳಲ್ಲಿ ಬೋಟಿನ ದಾರಿನ ಅಳೆಯೋ ಉಪಕರಣ ಬಂದಿದೆ, ಶ್ಯೂರ್‌ಪಾತ್ ಅಂತ, ವಿಡಿಯೋ ಬೇರೆ ಇರುತ್ತೆ. ನನ್ನ ಕೇಳಿದ್ರೆ ಹಳೇದು ಹೊಸದು ಅನ್ನೋ ಜಗಳಕ್ಕಿಂತ ದೊಡ್ಡ ವಿಷಯ ಇದೇ. ಯಾವ ಕಾಲದ್ದೇ ಆಗ್ಲಿ, ಸ್ಲಾಲಮ್ ದಾಖಲೆಯಲ್ಲಿ ಇಬ್ಬರಿದಾರೆ, ನಾವು ಒಬ್ಬರ ಹೆಸರನ್ನ ಮಾತ್ರ ಬರೀತೀವಿ. ಅದು ಅನ್ಯಾಯ ಅಂತ ನಂಗೆ ಯಾವಾಗ್ಲೂ ಅನ್ಸಿದೆ.

ಕೆರೆಕೋಡಿ:

ನಾನು ಬೆಂಗಳೂರಲ್ಲೇ ಇರೋದು, ಸ್ಕೀ ಮೇಲೆ ನಿಂತಿದ್ದು ಜೀವನದಲ್ಲಿ ಎರಡೇ ಸಲ, ಆದ್ರೆ ರಾತ್ರಿ ಎದ್ದು ಕೂತು ವೆಬ್‌ಕಾಸ್ಟ್ ನೋಡೋ ಜಾತಿ. ನಾನು ಹುಡುಗನ ಪಕ್ಷ.

ಕಾರಣ ಇಷ್ಟೇ. 9.75 ಹಗ್ಗದಲ್ಲಿ ಒಂದು ಚೆಂಡು ಅನ್ನೋದನ್ನ ಜೆಫ್ ರಾಜರ್ಸ್ 90ರ ದಶಕದ ಕೊನೇಲೇ ಮಾಡಿದ್ರು. ಆಮೇಲೆ ಕ್ರಿಸ್ ಪ್ಯಾರಿಶ್ ಎರಡು ಮಾಡಿದ್ರು. ಆಮೇಲೆ 2013ಕ್ಕೆ ಸ್ಮಿತ್ ಎರಡೂವರೆ. ಅಂದ್ರೆ ಹದಿನೈದು ವರ್ಷದ ಮೇಲೆ ಹಿಡಿದು ಒಂದೂವರೆ ಚೆಂಡು! ನಡುವೆ ಜಿಪಿಎಸ್ ಬಂತು, ಸ್ಕೀ ಕಾರ್ಬನ್ ಆಯ್ತು, ಅಗಲ ಆಯ್ತು, ಬೋಟಿನ ಹಿಂದಿನ ಅಲೆ ಸಣ್ಣದಾಯ್ತು, ಇಷ್ಟೆಲ್ಲ ಆದ್ರೂ ಒಂದೂವರೆ. ಕಂಪ್ಯೂಟರೇ ದಾಖಲೆ ಮಾಡೋದಾದ್ರೆ ಇಷ್ಟೊತ್ತಿಗೆ ಆರೂ ಚೆಂಡು ಮುಗಿದು ಹಗ್ಗ ಇನ್ನೂ ಗಿಡ್ಡ ಆಗಬೇಕಿತ್ತಲ್ಲ. ಹೆಂಗಸರಲ್ಲೂ ನೋಡಿ, ಕ್ರಿಸ್ಟಿ ಓವರ್ಟನ್ ಜಾನ್ಸನ್ 90ರ ದಶಕದಲ್ಲಿ ಮಾಡಿಟ್ಟಿದ್ದು ಹತ್ತು ವರ್ಷಕ್ಕಿಂತ ಜಾಸ್ತಿ ಅಲ್ಲಾಡ್ಲಿಲ್ಲ, ರೆಜಿನಾ ಜಾಕ್ವೆಸ್ ಬರಬೇಕಾಯ್ತು ಮುಂದಕ್ಕೆ ಹೋಗೋಕೆ. ಆಕೆ ಫಾರ್ಮಸಿಸ್ಟ್, ಔಷಧಿ ಕೆಲಸನೂ ಮಾಡ್ಕೊಂಡು ಸ್ಕೀನೂ ಮಾಡೋರು. ಅಂಥವರ ಶ್ರಮನ ಮೆಷಿನ್ ಲೆಕ್ಕಕ್ಕೆ ಹಾಕೋದು ನಂಗೆ ಸಹಿಸಕ್ಕಾಗಲ್ಲ.

ಮತ್ತೆ ನೆನಪನ್ನ ನಂಬ್ಕೊಂಡು ದಾಖಲೆ ಬರೆದ್ರೆ ಏನಾಗುತ್ತೆ ಅನ್ನೋದಕ್ಕೆ ಈ ಆಟದಲ್ಲೇ ಉದಾಹರಣೆ ಇದೆ. ಸ್ಯಾಮ್ಯುಯಲ್ಸನ್ ಪೇಟೆಂಟ್ ತಗೊಳ್ಲಿಲ್ಲ. 1925ರಲ್ಲಿ ಫ್ರೆಡ್ ವಾಲರ್ ಅನ್ನೋರು ಅಕ್ವಾ ಸ್ಕೀಸ್ ಅಂತ ಪೇಟೆಂಟ್ ಮಾಡಿಸಿದ್ರು. ಸ್ಯಾಮ್ಯುಯಲ್ಸನ್ ಸುಮ್ನೆ ಟರ್ಕಿ ಕೋಳಿ ಸಾಕ್ಕೊಂಡು ಬದುಕ್ತಿದ್ರು. 60ರ ದಶಕದಲ್ಲಿ ಒಬ್ಬ ಪತ್ರಕರ್ತೆ ಲೇಕ್ ಸಿಟಿಯಲ್ಲಿ ನೇತುಹಾಕಿದ್ದ ಆ ಹಳೇ ಸ್ಕೀ ನೋಡಿ ವಿಚಾರಿಸಿ ಬರೆದ್ಮೇಲೆ, 1966ರಲ್ಲಿ ಅಮೆರಿಕದ ವಾಟರ್ ಸ್ಕೀ ಸಂಘ ಈ ಆಟ ಶುರು ಮಾಡಿದ್ದು ಇವರೇ ಅಂತ ಒಪ್ಕೊಂಡಿದ್ದು. ನಲವತ್ನಾಲ್ಕು ವರ್ಷ! ಬರಿಗಾಲ ಸ್ಕೀಯಿಂಗ್ ಕಥೆನೂ ಹಾಗೇ, 1947ರಲ್ಲಿ ಫ್ಲೋರಿಡಾದ ವಿಂಟರ್ ಹೇವನ್‌ನಲ್ಲಿ ಮೊದಲು ಬರಿಗಾಲಲ್ಲಿ ಹೋಗಿದ್ದು ಡಿಕ್ ಪೋಪ್ ಜೂನಿಯರ್ ಅಂತ ಬಹಳ ಕಾಲ ಎಲ್ರೂ ಹೇಳ್ತಿದ್ರು, ವಾಟರ್ ಸ್ಕೀ ಶೋ ನಡೆಸ್ತಿದ್ದ ಸೈಪ್ರೆಸ್ ಗಾರ್ಡನ್ಸ್ ಪಾರ್ಕ್ ಅವರ ಮನೆಯವರದ್ದೇ, ಫೋಟೋ ಪ್ರಚಾರ ಎಲ್ಲ ಕೈಲೇ ಇತ್ತು. ಅವರಿಗಿಂತ ಮುಂಚೆ ಅದನ್ನ ಮಾಡಿದ್ದು ಎ. ಜಿ. ಹ್ಯಾನ್ಕಾಕ್ ಅನ್ನೋ ಹದಿನೇಳರ ಹುಡುಗ ಅನ್ನೋದು ಆಮೇಲೆ ಹೊರಗೆ ಬಂತು. ಅದಕ್ಕೆ ನಂಗೆ ಅಳತೆ ಬೇಕು, ಹಗ್ಗದ ಉದ್ದ, ಬೋಟಿನ ಟೈಮ್, ವಿಡಿಯೋ. ಮಿಕ್ಕಿದ್ದು ಪ್ರೀತಿ, ಅದನ್ನ ಬೇಡ ಅನ್ನಲ್ಲ.

ಯಾರಾತೀರ:

ಮೆಲ್ಬರ್ನ್‌ನಿಂದ. ನಂಗೆ ಈ ಅಳತೆ ವಾದದಲ್ಲಿ ಒಂದು ಕೊರತೆ ಕಾಣುತ್ತೆ, ಹೇಳ್ಬಿಡ್ತೀನಿ.

ಇಲ್ಲಿ ಪ್ರತಿ ಮಾರ್ಚ್‌ನಲ್ಲಿ ಮೂಂಬಾ ಹಬ್ಬ, ಯಾರಾ ನದಿಯಲ್ಲಿ ಊರ ನಟ್ಟನಡುವೆ ಮೂಂಬಾ ಮಾಸ್ಟರ್ಸ್ ಅನ್ನೋ ವಾಟರ್ ಸ್ಕೀ ಸ್ಪರ್ಧೆ ನಡೆಯುತ್ತೆ. ನೀರು ನಮ್ಮ ಮಳೆಗಾಲದ ತುಂಗೆ ಥರ ಕೆಂಪು ಕಂದು. ಎರಡೂ ಕಡೆ ದಡ ಹತ್ರ, ಬೋಟ್ ಎಬ್ಬಿಸಿದ ಅಲೆ ದಡಕ್ಕೆ ಹೊಡೆದು ವಾಪಸ್ ಬರುತ್ತೆ, ನೀರು ತಣ್ಣಗೆ ಕೂರೋದೇ ಇಲ್ಲ. ರಾತ್ರಿ ಲೈಟ್ ಹಾಕಿ ಜಂಪ್ ಮಾಡಿಸ್ತಾರೆ. ನಾನು ಮೊದಲನೇ ಸಲ ಹೋದಾಗ ಹೆಂಡತಿ ಎಂಟು ತಿಂಗಳ ಬಸುರಿ, ಜನರ ಮಧ್ಯೆ ಹುಲ್ಲಿನ ಮೇಲೆ ಜಮಖಾನ ಹಾಸ್ಕೊಂಡು ಕೂತಿದ್ವಿ. ಬೋಟ್ 57ರಲ್ಲಿ ಹೋಗ್ತಿರುತ್ತೆ, ಸ್ಕೀಯರ್ ಒಂದು ಬದಿಯಿಂದ ಇನ್ನೊಂದು ಬದಿಗೆ ಸೀಳ್ಕೊಂಡು ಬಂದು 1.8 ಮೀಟರ್ ಎತ್ತರದ ರ‍್ಯಾಂಪ್‌ಗೆ ಏರೋ ಹೊತ್ತಿಗೆ ಅವನ ವೇಗ ನೂರು ದಾಟಿರುತ್ತೆ. ಮೊದಲು ಧಡ್ ಅಂತ ಒಂದು ಸದ್ದು, ಬಾಗಿಲು ಒದ್ದ ಹಾಗೆ. ಆಮೇಲೆ ಏನೂ ಸದ್ದಿಲ್ಲ. ಸ್ಕೀ ಎರಡೂ ಕಿವಿ ಪಕ್ಕದಲ್ಲಿ ಅಗಲವಾಗಿ ಹರಡಿ, ಮೂಗು ಸ್ಕೀ ನಡುವೆ ಇಟ್ಟ ಹಾಗೆ ಮುಂದಕ್ಕೆ ಬಾಗಿ ಅವನು ಲೈಟಿನ ಕೆಳಗೆ ತೇಲ್ತಾನೇ ಇದ್ದ, ಇಡೀ ದಂಡೆ ಉಸಿರು ಹಿಡ್ಕೊಂಡಿತ್ತು. ಎಷ್ಟು ಮೀಟರ್ ಅಂತ ನಂಗೆ ನೆನಪೇ ಇಲ್ಲ, ಆ ಮೌನ ಮಾತ್ರ ಮರೆಯಕ್ಕಾಗಿಲ್ಲ.

ರಯಾನ್ ಡಾಡ್ 2017ರಲ್ಲಿ 77.4 ಮೀಟರ್ ಹಾರಿದ್ದು ಫ್ಲೋರಿಡಾದಲ್ಲಿ. ನಮ್ಮ ಜೆಸಿಂಟಾ ಕ್ಯಾರಲ್ 2016ರಲ್ಲಿ 60.3 ಮೀಟರ್, ಅರವತ್ತು ದಾಟಿದ ಮೊದಲ ಹೆಂಗಸು. ಎರಡೂ ಅದ್ಭುತ, ಎರಡು ಮಾತಿಲ್ಲ. ಆದ್ರೆ ದೊಡ್ಡ ದಾಖಲೆಗಳು ಸಾಮಾನ್ಯವಾಗಿ ಹುಟ್ಟೋದು ಸ್ಕೀಗೋಸ್ಕರವೇ ತೋಡಿದ, ಗಾಳಿ ತಾಗದ, ಕನ್ನಡಿ ಥರ ಇರೋ ಕೆರೆಗಳಲ್ಲಿ, ಬೆಳ್‌ಬೆಳಗ್ಗೆ, ಹತ್ತಿಪ್ಪತ್ತು ಜನ ನೋಡ್ತಿರುವಾಗ. ಯಾರಾ ಥರದ ನೀರಲ್ಲಿ ಗೆದ್ದಿದ್ದು ಆ ಪಟ್ಟಿಗೆ ಬರೋದೇ ಇಲ್ಲ. 1969ರಲ್ಲಿ ಕೋಪನ್‌ಹೇಗನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಲಿಜ್ ಅಲನ್ ಸ್ಲಾಲಮ್, ಟ್ರಿಕ್ಸ್, ಜಂಪ್, ಒಟ್ಟಾರೆ, ನಾಲ್ಕಕ್ಕೆ ನಾಲ್ಕೂ ಗೆದ್ದಳು. ಸ್ಯಾಮಿ ಡುವಾಲ್ 1981ರಿಂದ 87ರವರೆಗೆ ನಾಲ್ಕು ಸಲ ಸತತವಾಗಿ ಒಟ್ಟಾರೆ ವಿಶ್ವ ಚಾಂಪಿಯನ್. ಮ್ಯಾಪಲ್ ಹದಿನೆಂಟರ ವಯಸ್ಸಲ್ಲಿ 1981ರಲ್ಲಿ ತನ್ನ ದೇಶದ ಜನರ ಎದುರು ಇಂಗ್ಲೆಂಡಿನ ಥಾರ್ಪ್‌ನಲ್ಲಿ ವಿಶ್ವ ಸ್ಲಾಲಮ್ ಗೆದ್ದ. ಇದನ್ನ ಯಾವ ಮೀಟರ್‌ನಲ್ಲಿ ಅಳೀತೀರಿ ಕೆರೆಕೋಡಿಯವರೇ? ಅಜ್ಜ ಮ್ಯಾಪಲ್ ಹೆಸರು ಎತ್ತಿದ್ದು ಬರೀ ಚೆಂಡಿನ ಲೆಕ್ಕಕ್ಕಲ್ಲ ಅಂತ ನಂಗನ್ಸುತ್ತೆ. 2015ರಲ್ಲಿ ಮ್ಯಾಪಲ್ ಹೃದಯಾಘಾತದಿಂದ ತೀರಿಕೊಂಡಾಗ ಐವತ್ತೆರಡೇ ವಯಸ್ಸು, ಅವತ್ತು ನನ್ನ ಪರಿಚಯದ ಸ್ಕೀಯರ್‌ಗಳೆಲ್ಲ ಮನೆಯವರನ್ನ ಕಳ್ಕೊಂಡ ಹಾಗೆ ಅತ್ತಿದ್ರು.

ಕೆರೆಕೋಡಿ:

ಯಾರಾತೀರ ಅವರೇ, ಒಪ್ಪಿದೆ. ಗೆಲುವು ಬೇರೆ ದಾಖಲೆ ಬೇರೆ. ನಾನು ವಾದ ಮಾಡಿದ್ದು ದಾಖಲೆ ಬಗ್ಗೆ ಮಾತ್ರ, ಅದರಲ್ಲಿ ಈಗಲೂ ಹುಡುಗನ ಪಕ್ಷನೇ.

ಪೆಪಿನ್‌ದಂಡೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಹಾಸನದವರ ಉತ್ತರ ಓದಿ ಒಂದು ಕೆಲಸ ಮಾಡಿದೆ. ನಿನ್ನೆ ಸಂಜೆ ಮಗನ್ನ ಕರೆದು ಮನೆ ಮುಂದಿನ ಡಾಂಬರ್ ಮೇಲೆ ಸೀಮೆಸುಣ್ಣದಲ್ಲಿ ಒಂದು ಚುಕ್ಕಿ ಇಟ್ಟೆ, ಅದು ಬೋಟು. ಅಲ್ಲಿಂದ ಟೇಪ್ ಹಿಡಿದು 11.5 ಮೀಟರ್‌ಗೆ ಇನ್ನೊಂದು ಚುಕ್ಕಿ, ಅದು ಚೆಂಡು. ಆಮೇಲೆ 9.75ಕ್ಕೆ ಹಗ್ಗ ಹಾಸಿದ್ವಿ. ನಡುವೆ ಉಳಿದಿದ್ದು ಒಂದು ಮುಕ್ಕಾಲು ಮೀಟರ್ ಖಾಲಿ. ಹುಡುಗ ಏನೂ ಮಾತಾಡ್ದೆ ನೆಲದ ಮೇಲೆ ಮಲಗಿ, ಕೈ ತಲೆ ಮೇಲೆ ಚಾಚಿ ಹಗ್ಗದ ತುದಿ ಹಿಡಿದ. ಅವನ ಪಾದ ಚೆಂಡಿನ ಚುಕ್ಕಿ ದಾಟಿ ಅರ್ಧ ಗೇಣು ಆಚೆ ಹೋಯ್ತು ಅಷ್ಟೇ.

ಅಜ್ಜ ಅವ್ರ ಬೇಲಿ ಹತ್ರ ನಿಂತು ನೋಡ್ತಿದ್ರು. ನಿಧಾನಕ್ಕೆ ಬಂದು ಹಗ್ಗದ ಈ ಕಡೆ ತುದಿ, ಬೋಟಿನ ಚುಕ್ಕಿ ಹತ್ರ ಕೂತ್ರು. ನೀವೆಲ್ಲ ಇಲ್ಲಿ ಬರೆದಿದ್ದನ್ನ ನಾನು ಹೇಳ್ದೆ, ಡ್ರೈವರ್ ಹೆಸರು ಯಾರೂ ಬರೆಯಲ್ಲ ಅನ್ನೋದನ್ನೂ ಹೇಳ್ದೆ. ಸುಮಾರು ಹೊತ್ತು ಸುಮ್ನಿದ್ದು ಆಮೇಲೆ ಹೇಳಿದ್ರು, ಅವರು ಸ್ಪರ್ಧೆಗೆ ತಯಾರಿ ಮಾಡ್ತಿದ್ದ ಅಷ್ಟೂ ವರ್ಷ ಬೋಟ್ ಓಡಿಸ್ತಿದ್ದಿದ್ದು ಅವರ ಹೆಂಡತಿ ಅಂತೆ. ನಾವು ಈ ಮನೆಗೆ ಬರೋ ಮುಂಚೆನೇ ತೀರಿಕೊಂಡಿದ್ರು, ನಂಗೆ ಗೊತ್ತೇ ಇರ್ಲಿಲ್ಲ. ಕೋರ್ಸ್ ಒಳಗೆ ಹೋಗೋ ಮುಂಚೆ ಆಕೆ ಎಡಗೈಯಲ್ಲಿ ಬೋಟಿನ ಅಂಚಿಗೆ ಎರಡು ಸಲ ತಟ್ಟೋರಂತೆ, ಸಿದ್ಧ ಅಂತ. ಮಗ ಕೇಳ್ದ, ಆಕೆ ಎಷ್ಟು ಟೈಮ್‌ಗೆ ಸರಿಯಾಗಿ ಓಡಿಸೋರು ಅಂತ. ಅಜ್ಜ ಅವರ ಹಳೇ ನೋಟ್‌ಬುಕ್ ತರೋಕೆ ಒಳಗೆ ಹೋದ್ರು, ಮಗನೂ ಹಿಂದೆನೇ ಹೋದ. ಊಟಕ್ಕೆ ಕರೆಯೋಕೆ ನಾನು ಎರಡು ಸಲ ಹೋಗಬೇಕಾಯ್ತು.

ಶನಿವಾರ ಬೆಳಗ್ಗೆ ಆರಕ್ಕೆ ಕೆರೆಗೆ ಹೋಗ್ತಿದಾರೆ.