ಹಿನ್ನೀರ ದಂಡೆಯ ಮನೆ: ಬಚ್ಚಲಿಗೆ ಬರುವ ಹಾವು, ಕಿಟಕಿ ಕುಕ್ಕುವ ಹಕ್ಕಿ. ಏನು ಮಾಡಬಹುದು?

ಹಿನ್ನೀರಮನೆ:
ನಮಸ್ಕಾರ. ಸಾಗರ ತಾಲ್ಲೂಕಿನಲ್ಲಿ ಲಿಂಗನಮಕ್ಕಿ ಹಿನ್ನೀರಿನ ಪಕ್ಕ ನಮ್ಮದೊಂದು ಸಣ್ಣ ಹೆಂಚಿನ ಮನೆ ಇದೆ. ಮಳೆ ಹಿಡಿದ ಮೇಲೆ ಜಗಲಿ ತುಂಬಾ ಕಪ್ಪೆ. ಅದರ ಚಿಂತೆ ಇಲ್ಲ, ಆದರೆ ಬಚ್ಚಲಲ್ಲಿ ಆಗಾಗ ಹಾವು ಕಾಣಿಸುತ್ತಿದೆ. ನಿನ್ನೆ ಹಂಡೆಯ ಹಿಂದೆ ಸುರುಳಿ ಸುತ್ತಿ ಮಲಗಿತ್ತು. ಹಳದಿಗಂದು ಮೈ, ಮೇಲೆಲ್ಲಾ ಕಪ್ಪು ಚೌಕ ಚೌಕ. ಕೋಲು ತೋರಿಸಿದ್ದಕ್ಕೆ ಕತ್ತು ಚಪ್ಪಟೆ ಮಾಡಿ ಬುಸ್ ಎಂದಿತು. ಆಮೇಲೆ ನೀರು ಹೋಗುವ ಕಂಡಿಯಿಂದ ಹೊರಗೆ ನುಸುಳಿತು. ಫಿನಾಯಿಲ್ ಸುರಿಯಿರಿ, ಬೆಳ್ಳುಳ್ಳಿ ನೀರು ಹಾಕಿ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ಮನೆಯಲ್ಲಿ ಮಗು ಇದೆ, ಅತ್ತೆ ರಾತ್ರಿ ಎದ್ದು ಬಚ್ಚಲಿಗೆ ಹೋಗುತ್ತಾರೆ. ಹೊಡೆಯಲು ಮನಸ್ಸಿಲ್ಲ.

ಇನ್ನೊಂದು ಸಮಸ್ಯೆ. ಕಪ್ಪು ಬಿಳುಪಿನ ಹಕ್ಕಿಯೊಂದು ಬೆಳಗಾದರೆ ಸಾಕು, ಕಿಟಕಿ ಗಾಜನ್ನು ಕುಕ್ಕುತ್ತದೆ. ಒಳಗಿಂದ ಪರದೆ ಎಳೆದರೂ ಬಿಡುವುದಿಲ್ಲ.

ಕೆರೆಏರಿ:
ಹಾವಿನ ಕಣ್ಣಿನ ಕೆಳಗೆ, ಹಿಂದಕ್ಕೆ ಓರೆಯಾಗಿ ಎರಡು ಕಪ್ಪು ಗೆರೆ ಇತ್ತಾ? ಜಗಲಿಯಲ್ಲಿ ರಾತ್ರಿ ಯಾವ ದೀಪ ಉರಿಯುತ್ತದೆ?

ಹಿನ್ನೀರಮನೆ:
ಫೋಟೋ ದೊಡ್ಡದು ಮಾಡಿ ನೋಡಿದೆ, ಗೆರೆ ಇದೆ. ದೀಪ ಬಿಳಿ ಟ್ಯೂಬ್‌ಲೈಟ್. ಬಚ್ಚಲ ಬಾಗಿಲ ಪಕ್ಕದಲ್ಲೇ ಇದೆ, ಬೆಳಗಿನ ತನಕ ಉರಿಯುತ್ತದೆ.

ಕೆರೆಏರಿ:
ಹಾಗಾದರೆ ಅದು ನೀರೊಳ್ಳೆ. ವಿಷವಿಲ್ಲ. ಆದರೆ ಹೆದರಿದರೆ ಚೆನ್ನಾಗಿಯೇ ಕಚ್ಚುತ್ತದೆ, ಹಾಗಾಗಿ ಕೈ ಹಾಕಬೇಡಿ. ಮೀನು, ಕಪ್ಪೆ ಅದರ ಊಟ.

ನಿಮ್ಮ ಸಮಸ್ಯೆ ಶುರುವಾಗುವುದು ಆ ಟ್ಯೂಬ್‌ಲೈಟಿನಿಂದ. ಮಳೆ ಬಿದ್ದ ಸಂಜೆ ಅದರ ಕೆಳಗೆ ಒಂದು ಹತ್ತು ನಿಮಿಷ ನಿಂತು ನೋಡಿ. ರೆಕ್ಕೆ ಹುಳ ಬಂದು ಗೋಡೆಗೆ ಬಡಿದು ಉದುರುತ್ತವೆ. ಕೆಳಗೆ ಕಪ್ಪೆ ಕೂತಲ್ಲೇ ಕೂತು ನಾಲಗೆ ಚಾಚುತ್ತಿರುತ್ತದೆ, ಬಾಯಿಯ ಅಂಚಿನಲ್ಲಿ ಹುಳದ ರೆಕ್ಕೆ ಅಂಟಿರುತ್ತದೆ. ದೀಪಕ್ಕೆ ಹುಳ, ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು. ಜೊತೆಗೆ ಈಗ ಹಿನ್ನೀರೂ ಏರುವ ಕಾಲ. ಅಣೆಕಟ್ಟಿನ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಬೇಸಿಗೆಯಲ್ಲಿ ಎಲ್ಲೋ ಕೆಳಗಿದ್ದ ನೀರು ಮಳೆಗಾಲ ಕಳೆಯುವಷ್ಟರಲ್ಲಿ ಎಷ್ಟೋ ಮನೆಗಳ ಬೇಲಿ ಹತ್ತಿರ ಬಂದಿರುತ್ತದೆ. ದಂಡೆಯ ಜೀವಿಗಳೂ ಅದರ ಜೊತೆಗೇ ಮೇಲೆ ಬರುತ್ತವೆ.

ಟ್ಯೂಬ್ ತೆಗೆದು ಹಳದಿ ಬೆಳಕಿನ ಬಲ್ಬ್ ಹಾಕಿ, ಅದಕ್ಕೆ ಹುಳ ಕಡಿಮೆ. ಬಾಗಿಲಿಂದ ದೂರ ಹಾಕಿದರೆ ಇನ್ನೂ ಒಳ್ಳೆಯದು, ಬೇಕಾದಾಗ ಮಾತ್ರ ಉರಿಸಿ. ಬಚ್ಚಲ ಕಂಡಿಗೆ ಕಾಲಿಂಚು ತೂತಿನ ಸ್ಟೀಲ್ ಜಾಲರಿಯನ್ನು ಸಿಮೆಂಟ್ ಹಾಕಿ ಕೂರಿಸಿ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿ. ದಯವಿಟ್ಟು ನೈಲಾನ್ ಬಲೆ ಮಾತ್ರ ಕಟ್ಟಬೇಡಿ. ಹಾವು ತಲೆ ತೂರಿಸಿದರೆ ಹಿಂದಕ್ಕೆ ಬರಲಾಗದೆ, ದಾರ ಮೈಗೆ ಕೊರೆದು ನರಳಿ ಸಾಯುತ್ತದೆ. ಅದನ್ನು ನೋಡಲಾಗುವುದಿಲ್ಲ.

ಫಿನಾಯಿಲ್ ಬೇಡವೇ ಬೇಡ. ಅದಕ್ಕೆಲ್ಲ ಹಾವು ನಿಲ್ಲುವುದಿಲ್ಲ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಪೆಟ್ಟು ಬೀಳುವುದು ಅದಕ್ಕೆ. ಉಳಿದದ್ದು ಮಳೆ ನೀರಿನ ಜೊತೆ ಹಿನ್ನೀರಿಗೇ ಹೋಗುತ್ತದೆ.

ಅತ್ತೆಯವರ ಕೈಗೆ ಒಂದು ಒಳ್ಳೆ ಟಾರ್ಚ್ ಕೊಡಿ. ಇದು ನೀರೊಳ್ಳೆಯೇ ಆದರೂ, ಮಲೆನಾಡಿನ ಮನೆಗೆ ರಾತ್ರಿ ಕಟ್ಟುಹಾವೂ ಬರಬಹುದು, ಅದು ತುಂಬಾ ವಿಷದ ಹಾವು. ಅದು ಕಚ್ಚಿದರೆ ಕೆಲವೊಮ್ಮೆ ನೋವೇ ಗೊತ್ತಾಗುವುದಿಲ್ಲ. ನೆಲದ ಮೇಲೆ ಮಲಗುವವರಿದ್ದರೆ ಸೊಳ್ಳೆಪರದೆಯನ್ನು ಹಾಸಿಗೆಯಡಿಗೆ ಸಿಕ್ಕಿಸಿ ಮಲಗಲಿ. ಯಾವ ಹಾವು ಅಂತ ಗೊತ್ತಾಗದೆ ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಮಾಡದೆ ಸೀದಾ ಆಸ್ಪತ್ರೆಗೆ ಹೊರಡಿ. ಒಳಗೆ ಬಂದ ಹಾವು ಹೊರಗೆ ಹೋಗದಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಸಾಗರದಾಕೆ:
ಮೀನು ಎಲ್ಲಿ ತೊಳೆಯುತ್ತೀರಿ? ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೇ ಆದರೆ ಅದನ್ನೂ ಬದಲಿಸಿ. ಮೀನಿನ ಕರುಳು ಅಲ್ಲೇ ಬಿಸಾಕಿದರೆ ವಾಸನೆಗೆ ಹಾವು, ಮುಂಗುಸಿ ಎರಡೂ ಬರುತ್ತವೆ. ದೂರದಲ್ಲಿ ಗುಂಡಿ ತೆಗೆದು ಮುಚ್ಚಿಬಿಡಿ.

ಹಕ್ಕಿ ಬಾಲ ಎತ್ತಿ ಎತ್ತಿ ಕೂರುತ್ತಾ? ಹಾಗಿದ್ದರೆ ಗಂಡು ಮಡಿವಾಳ. ಗೂಡು ಕಟ್ಟುವ ಕಾಲದಲ್ಲಿ ತನ್ನ ಜಾಗಕ್ಕೆ ಬೇರೆ ಗಂಡನ್ನು ಬಿಡುವುದಿಲ್ಲ. ಗಾಜಿನಲ್ಲಿ ಕಾಣುವ ತನ್ನ ಬಿಂಬದ ಜೊತೆಗೇ ಜಗಳಕ್ಕೆ ನಿಲ್ಲುತ್ತದೆ. ಒಳಗಿನ ಪರದೆಯಿಂದ ಪ್ರಯೋಜನ ಇಲ್ಲ, ಕತ್ತಲಾದಷ್ಟೂ ಬಿಂಬ ಸ್ಪಷ್ಟ ಅಲ್ವಾ? ಗಾಜಿನ ಹೊರಮೈಗೆ ಸೋಪು ಬಳಿಯಿರಿ, ಇಲ್ಲವೇ ಹೊರಗಿಂದ ಹಳೇ ಪಂಚೆ ಇಳಿಬಿಡಿ. ಪಾಪ, ಗಾಜಿಗೆ ಬಡಿದು ಸುಸ್ತಾಗಿ ಮರಿಗೆ ಹುಳ ತರುವುದೂ ತಪ್ಪಬಹುದು. ಇವತ್ತೇ ಮಾಡಿ.

ಹಿನ್ನೀರಮನೆ:
ಇಬ್ಬರಿಗೂ ಧನ್ಯವಾದ. ಬಲ್ಬ್ ಬದಲಾಯಿಸಿ ಜಾಲರಿ ಹಾಕಿಸಿದೆ. ಜಗಲಿಯಲ್ಲಿ ಈಗ ಕಪ್ಪೆ ಅಪರೂಪ, ಹಾವು ದಂಡೆಯ ಕಲ್ಲುಗಳ ಸಂದಿಯಲ್ಲಿ ಕಾಣುತ್ತದೆ, ಬಚ್ಚಲಿಗೆ ಬಂದಿಲ್ಲ. ಕಿಟಕಿಗೆ ಪಂಚೆ ಕಟ್ಟಿದ ಮೇಲೆ ಮಡಿವಾಳ ಸ್ಕೂಟರ್ ಕನ್ನಡಿ ಕುಕ್ಕಲು ಶುರು ಮಾಡಿದೆ.

ಸಾಗರದಾಕೆ:
ಸ್ಕೂಟರ್ ನಿಲ್ಲಿಸಿದ ಕೂಡಲೇ ಎರಡೂ ಕನ್ನಡಿಗೆ ಹಳೇ ಕಾಲುಚೀಲ ಹಾಕಿ. ಜುಲೈ ಕಳೆಯುವ ತನಕ ಬಿಡಬೇಡಿ.