ಅಜ್ಜನ ಕೀ ಕೊಡುವ ವಾಚು ನಿಂತಿದೆ: ರಿಪೇರಿ ಮಾಡಿಸಬಹುದಾ, ಹಾಗೇ ಇಟ್ಟುಬಿಡಲಾ?

ಪ್ರಶ್ನೆ

ನಮಸ್ಕಾರ. ಅಜ್ಜನ ಕೈಗಡಿಯಾರ ಈಗ ನನ್ನ ಪಾಲಿಗೆ ಬಂದಿದೆ. ಡಯಲ್ ಮೇಲಿನ ಕಂಪನಿ ಹೆಸರನ್ನು ನಾನು ಎಲ್ಲೂ ಕೇಳಿಲ್ಲ. ಕೆಳಗೆ ಸ್ವಿಸ್ ಮೇಡ್, 17 ಜ್ಯುವೆಲ್ಸ್ ಎಂದಿದೆ. ಡಯಲ್ ಹಳದಿಯಾಗಿದೆ, ಮುಳ್ಳುಗಳ ಮೇಲೆ ಕಂದು ಬಣ್ಣದ ಒಣಗಿದ ಪದರ ಇದೆ.

ಕೀ ಬಿಗಿಯಾಗಿದೆ, ಮುಂದಕ್ಕೆ ತಿರುಗುವುದಿಲ್ಲ. ಅಲುಗಾಡಿಸಿದರೆ ಒಂದೆರಡು ನಿಮಿಷ ಓಡುತ್ತದೆ. ಡಯಲ್ ಮೇಲೆ ಮಾಡಿ ಇಟ್ಟರೆ ಇನ್ನೂ ಸ್ವಲ್ಪ ಹೊತ್ತು ಓಡುತ್ತದೆ, ಬೋರಲು ಹಾಕಿದ ತಕ್ಷಣ ನಿಲ್ಲುತ್ತದೆ. ಯಾರೋ ಜಾಸ್ತಿ ಕೀ ಕೊಟ್ಟು ಕೆಡಿಸಿದ್ದಾರೆ ಅಂತ ಚಿಕ್ಕಪ್ಪ ಹೇಳುತ್ತಾರೆ. ಒಬ್ಬ ರಿಪೇರಿಯವರು ಮುಚ್ಚಳ ಕೂಡ ತೆಗೆಯದೆ, ಡಯಲ್‌ಗೆ ಹೊಸ ಬಣ್ಣ ಹಾಕಿ ಕೇಸ್ ಪಾಲಿಶ್ ಮಾಡಿಕೊಡುತ್ತೇನೆ ಎಂದರು. ಇನ್ನೊಬ್ಬರು, ವಾಚಿನ ಬೆಲೆಗಿಂತ ಖರ್ಚೇ ಜಾಸ್ತಿ, ಬಿಡಿ ಎಂದರು. ಮಾರುವ ಯೋಚನೆ ನನಗಿಲ್ಲ. ಏನು ಮಾಡಲಿ?

ಉತ್ತರ 1

ಮೊದಲು ಅದನ್ನು ಅಲುಗಾಡಿಸಿ ಓಡಿಸುವುದನ್ನು ನಿಲ್ಲಿಸಿ. ಒಳಗೆ ಎಣ್ಣೆ ಒಣಗಿ ಅಂಟಾಗಿರುತ್ತದೆ. ಅದರಲ್ಲಿ ಧೂಳು ಸೇರಿ ಅರದಂತೆ ಉಜ್ಜುತ್ತದೆ. ಓಡಿಸಿದಷ್ಟೂ ಚಕ್ರಗಳ ಅಚ್ಚಿನ ತುದಿ ಸವೆಯುತ್ತದೆ.

ಜಾಸ್ತಿ ಕೀ ಕೊಟ್ಟು ಕೆಟ್ಟಿತು ಅನ್ನುವ ಮಾತು ತುಂಬ ಹಳೆಯದು, ಆದರೆ ಸರಿಯಲ್ಲ. ಸ್ಪ್ರಿಂಗ್ ಪೂರ್ತಿ ಸುತ್ತಿಕೊಂಡಿದೆ, ಅದಕ್ಕೇ ಕೀ ಬಿಗಿಯಾಗಿದೆ. ಆ ಶಕ್ತಿ ಮುಂದೆ ಹರಿಯಲು ದಾರಿ ಇಲ್ಲ, ಅಷ್ಟೇ. ಸ್ಪ್ರಿಂಗ್ ತುಂಡಾಗಿದ್ದರೆ ಕೀ ಎಷ್ಟು ತಿರುಗಿಸಿದರೂ ಸಾಮಾನ್ಯವಾಗಿ ಬಿಗಿಯಾಗುವುದಿಲ್ಲ. ಹಾಗಾಗಿ ನಿಮ್ಮದು ಒಂದು ರೀತಿಯಲ್ಲಿ ಒಳ್ಳೆಯ ಲಕ್ಷಣವೇ.

ನನಗೆ ಯೋಚನೆ ಆಗುತ್ತಿರುವುದು ಬೋರಲು ಹಾಕಿದಾಗ ನಿಲ್ಲುವ ವಿಷಯ. ಹಿಂದೆ ಮುಂದೆ ತೂಗಾಡುತ್ತಾ ವಾಚಿನ ವೇಗ ಕಾಯುವ ಬ್ಯಾಲೆನ್ಸ್ ಚಕ್ರದ ಅಚ್ಚಿಗೆ ಎರಡು ತುದಿ. ಒಂದೊಂದೂ ಸುಮಾರು 0.1 ಮಿಲಿಮೀಟರ್ ದಪ್ಪ ಇರಬಹುದು. ವಾಚನ್ನು ಮಗುಚಿದಾಗ ಚಕ್ರದ ಭಾರ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ಒಂದು ಕಡೆ ಮಾತ್ರ ತೊಂದರೆ ಅಂದರೆ ಆ ತುದಿ ಬಾಗಿರಬಹುದು, ಸವೆದಿರಬಹುದು, ಅಥವಾ ಆ ತುದಿ ಕೂರುವ ಕಲ್ಲು (ಡಯಲ್ ಮೇಲೆ ಜ್ಯುವೆಲ್ಸ್ ಅಂದಿರುವುದು ಇಂಥವನ್ನೇ) ಒಡೆದಿರಬಹುದು. ವಾಚು ಯಾವಾಗಲೋ ಕೆಳಗೆ ಬಿದ್ದಿರುವ ಸಾಧ್ಯತೆ ಇದೆ. ಇದು ಸರಿಹೋಗುವ ಕೆಲಸ, ಆದರೆ ಬರೀ ಸರ್ವಿಸ್‌ನಲ್ಲಿ ಮುಗಿಯುವುದಿಲ್ಲ.

ಮುಚ್ಚಳ ತೆಗೆಸದೆ ಯಾವ ತೀರ್ಮಾನಕ್ಕೂ ಬರಬೇಡಿ. ತೆಗೆದಾಗ ಕೀ ಕಡ್ಡಿ ಒಳಗೆ ಹೋಗುವ ಜಾಗ ನೋಡಿ. ಬೆವರು, ನೀರು ಹೆಚ್ಚಾಗಿ ಒಳಗೆ ಬರುವುದು ಅಲ್ಲಿಂದಲೇ, ತುಕ್ಕೂ ಅಲ್ಲಿಂದಲೇ ಶುರುವಾಗುತ್ತದೆ. ಅಲ್ಲಿ ಮಾತ್ರ ಕೆಂಪು ಪುಡಿ ಇದ್ದರೆ ಒಂದೆರಡು ಭಾಗ ಬದಲಿಸಿದರೆ ಸಾಕು. ಚಕ್ರಗಳವರೆಗೂ ತುಕ್ಕು ಹೋಗಿದ್ದರೆ ನಾನಾದರೆ ರಿಪೇರಿ ಬಿಟ್ಟು ಹಾಗೇ ಜೋಪಾನವಾಗಿ ಇಡುತ್ತೇನೆ. ಆಮೇಲೆ ಬ್ಯಾಲೆನ್ಸ್ ಚಕ್ರದ ಕೆಳಗೆ ಅಥವಾ ಪಕ್ಕದಲ್ಲಿ ಒಂದು ನಂಬರ್ ಹುಡುಕಿ. ಅದು ಮೆಷಿನ್‌ನ, ಅಂದರೆ ವಾಚನ್ನು ಓಡಿಸುವ ಒಳಗಿನ ಯಂತ್ರದ, ನಂಬರ್. ಜೊತೆಗೆ ಇಟಿಎ, ಎಎಸ್ ಥರದ, ಮೆಷಿನ್ ತಯಾರಿಸುತ್ತಿದ್ದ ಸ್ವಿಸ್ ಕಂಪನಿಗಳ ಗುರುತು ಇರಬಹುದು. ಆ ಕಾಲದಲ್ಲಿ ನೂರಾರು ಚಿಕ್ಕ ಕಂಪನಿಗಳು ಇವರ ಮೆಷಿನ್ ಕೊಂಡು ತಮ್ಮ ಹೆಸರಿನ ಡಯಲ್ ಹಾಕುತ್ತಿದ್ದವು. ಹಾಗಾಗಿ ಹೆಸರು ಕೇಳಿಲ್ಲ ಅಂತ ಬೇಜಾರಾಗಬೇಡಿ. ಎಷ್ಟೋ ಸಲ ದೊಡ್ಡ ಹೆಸರಿನ ಅಪರೂಪದ ಮೆಷಿನ್‌ಗಿಂತ ಇಂಥದ್ದಕ್ಕೇ ಭಾಗಗಳು ಸುಲಭವಾಗಿ ಸಿಗುತ್ತವೆ.

ಡಯಲ್‌ಗೆ ಬಣ್ಣ ಬೇಡವೇ ಬೇಡ. ಮೆಷಿನ್ ಕೆಲಸವನ್ನು ಮುಂದೆ ಯಾವಾಗ ಬೇಕಾದರೂ ಮಾಡಿಸಬಹುದು. ಹಳೇ ಡಯಲ್ ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ. ನಿಮ್ಮ ಅಜ್ಜ ದಿನಾ ನೋಡುತ್ತಿದ್ದದ್ದು ಅದನ್ನೇ ಅಲ್ವಾ?

ಉತ್ತರ 2

ಮುಳ್ಳಿನ ಮೇಲಿನ ಕಂದು ಪದರದ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 1960ರ ದಶಕಕ್ಕಿಂತ ಹಳೆಯ ವಾಚಾದರೆ ಅದು ರೇಡಿಯಂ ಬಣ್ಣ, ಅಂದರೆ ಕತ್ತಲೆಯಲ್ಲಿ ಹೊಳೆಯಲಿ ಎಂದು ಹಚ್ಚುತ್ತಿದ್ದ ವಿಕಿರಣ ಸೂಸುವ ಬಣ್ಣ, ಇರಬಹುದು. ಕತ್ತಲೆಯಲ್ಲಿ ಈಗ ಹೊಳೆಯುವುದಿಲ್ಲ ಅಂತ ಸುಮ್ನೆ ಬಿಡಬೇಡಿ. ಹೊಳೆಯುವ ಪುಡಿ ಸತ್ತಿರುತ್ತದೆ, ರೇಡಿಯಂ ಹಾಗೇ ಇರುತ್ತದೆ. ಅದು ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಡಯಲ್‌ನ ಕೆಳಗೆ ಸ್ವಿಸ್ ಎಂಬ ಪದದ ಅಕ್ಕಪಕ್ಕ 'ಟಿ' ಅಕ್ಷರ ಇದ್ದರೆ ಅದು ಟ್ರಿಟಿಯಂ, ರೇಡಿಯಂಗಿಂತ ತೀರಾ ದುರ್ಬಲ ವಿಕಿರಣದ್ದು, ಅಷ್ಟು ಚಿಂತೆ ಇಲ್ಲ. 'ಟಿ' ಇಲ್ಲದಿದ್ದರೆ ಮನೆಯಲ್ಲಿ ಗಾಜು ತೆಗೆಯಬೇಡಿ, ಕೆರೆಯಬೇಡಿ, ಊದಬೇಡಿ. ಅದರ ಪುಡಿ ಉಸಿರಿನ ಜೊತೆ ಒಳಗೆ ಹೋಗಬಾರದು. ರಿಪೇರಿಗೆ ಕೊಡುವಾಗ ಅವರಿಗೂ ಮೊದಲೇ ಹೇಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬೇರೆ ರಿಪೇರಿಯವರ ಹತ್ತಿರ ಹೋಗಿ ಮುಚ್ಚಳ ತೆಗೆಸಿದೆ. ಮೆಷಿನ್ ಮೇಲೆ ಎಎಸ್ ಗುರುತು ಇದೆ. ತುಕ್ಕು ಕೀ ಕಡ್ಡಿಯ ಹತ್ತಿರ ಮಾತ್ರ. ಬ್ಯಾಲೆನ್ಸ್ ಅಚ್ಚಿನ ಒಂದು ತುದಿ ಬಾಗಿದೆ ಎಂದು ಭೂತಗನ್ನಡಿಯಲ್ಲಿ ತೋರಿಸಿದರು. 'ಟಿ' ಅಕ್ಷರ ಇಲ್ಲ, ಅದನ್ನೂ ಹೇಳಿದ್ದೇನೆ. ಮುಚ್ಚಳದ ಒಳಗೆ ಸೂಜಿಯಲ್ಲಿ ಗೀಚಿದ ಹಾಗೆ ಚಿಕ್ಕ ಬರಹಗಳಿವೆ. ಏನದು?

ಉತ್ತರ 1

ಅದು ಹಿಂದೆ ಸರ್ವಿಸ್ ಮಾಡಿದವರ ಗುರುತು. ತಾರೀಖು, ತಮ್ಮದೇ ಒಂದು ನಂಬರ್ ಗೀಚಿ ಇಡುತ್ತಿದ್ದರು. ಎಷ್ಟಿವೆ ಎಣಿಸಿ. ನೀವು ಹೇಳಿದ್ದನ್ನು ನೋಡಿದರೆ ಈ ವಾಚು ರಿಪೇರಿಗೆ ಖಂಡಿತ ಯೋಗ್ಯ. ಅಚ್ಚು ಬದಲಿಸಿ, ಪೂರ್ತಿ ಬಿಚ್ಚಿ ತೊಳೆದು, ಹೊಸ ಎಣ್ಣೆ ಹಾಕಲಿ. ಮುಗಿದ ಮೇಲೆ ಟೈಮಿಂಗ್ ಮೆಷಿನ್‌ನಲ್ಲಿ (ವಾಚಿನ ಟಿಕ್ ಟಿಕ್ ಕೇಳಿ ಅದರ ಓಟ ಅಳೆಯುವ ಉಪಕರಣ) ಅಳತೆ ತೋರಿಸಲು ಹೇಳಿ. ಡಯಲ್ ಮೇಲೆ ಮಾಡಿ, ಬೋರಲು ಹಾಕಿ, ಎರಡೂ ಕಡೆ ನೋಡಿ. ಪೂರ್ತಿ ಕೀ ಕೊಟ್ಟಾಗ ಬ್ಯಾಲೆನ್ಸ್‌ನ ತೂಗಾಟ 250 ಡಿಗ್ರಿ ದಾಟಿದ್ದರೆ, ಎರಡೂ ಕಡೆ ಹತ್ತಿರ ಹತ್ತಿರ ಇದ್ದರೆ, ಈ ವಯಸ್ಸಿನ ವಾಚಿಗೆ ಅದು ತುಂಬ ಚೆನ್ನಾಯಿತು. ನೀರಿನ ಹತ್ತಿರ ಮಾತ್ರ ತರಬೇಡಿ.

ಪ್ರಶ್ನೆ ಕೇಳಿದವರು

ಏಳು ಇವೆ. ಮೂರು ನಾಲ್ಕು ವರ್ಷಕ್ಕೊಂದರಂತೆ, ಕೊನೆಯದು 1981. ಅಜ್ಜ ಇದನ್ನು ಅಷ್ಟು ಚೆನ್ನಾಗಿ ನೋಡಿಕೊಂಡಿದ್ದರು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇವತ್ತು ಕೆಲಸಕ್ಕೆ ಕೊಟ್ಟು ಬಂದೆ. ಡಯಲ್ ಮುಟ್ಟಬೇಡಿ, ಕೇಸ್ ಪಾಲಿಶ್ ಬೇಡ, ಮುಚ್ಚಳದ ಒಳಗಿನ ಬರಹ ಉಜ್ಜಬೇಡಿ ಎಂದು ಹೇಳಿದ್ದೇನೆ. ಎಂಟನೆಯ ತಾರೀಖನ್ನು ಅದರ ಕೆಳಗೇ ಗೀಚುತ್ತೇನೆ ಎಂದಿದ್ದಾರೆ.